ಚಾತುರ್ಮಾಸದ ಊಟ, ನಾರು ಮತ್ತು ಕರುಳಿನ ಆರೋಗ್ಯ: ಬೆಳಗಾವಿ–ಖಾನಾಪುರದ ಮನೆಗಳಿಗಾಗಿ

ಚಾತುರ್ಮಾಸ ಶುರುವಾದ ಕೂಡಲೇ ನಮ್ಮ ಮನೆಗಳ ಸಂತೆ ಚೀಲ ಬದಲಾಗುತ್ತದೆ. ಸೊಪ್ಪು ನಿಲ್ಲುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ಮೂಲಂಗಿ ಮೊದಲಿನಿಂದಲೂ ಇಲ್ಲ. ಅಷ್ಟಮಿ, ಚತುರ್ದಶಿಗೆ ಹಸಿರು ಕಾಯಿಪಲ್ಲೆಯನ್ನೂ ಬಿಡುವ ಹಿರಿಯರು ಬಹಳ ಜನ. ಹೀಗೆ ಬಿಟ್ಟ ಜಾಗದಲ್ಲಿ ತಟ್ಟೆಗೆ ಏನು ಬಂದು ಕೂಡುತ್ತದೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೋಡುವುದಿಲ್ಲ. ಕಾಳುಕಡಿ ವ್ಯಾಪಾರದವನಾದ ನನಗೆ ಅದು ಗಲ್ಲೆಯ ಮೇಲೆ ಕುಳಿತಲ್ಲೇ ಕಾಣುತ್ತದೆ. ಆಷಾಢದಿಂದ ಕಾರ್ತಿಕದವರೆಗೆ ಮೈದಾ, ರವೆ, ಕಡಲೆ ಹಿಟ್ಟು, ಎಣ್ಣೆ ಡಬ್ಬಿ ಜೋರಾಗಿ ಹೋಗುತ್ತವೆ. ಇಡೀ ಹೆಸರುಕಾಳು, ಮಡಕಿ, ಜೋಳ ಅಲ್ಲೇ ಉಳಿಯುತ್ತವೆ. ಅಂದರೆ ನಾಲ್ಕು ತಿಂಗಳು ಮನೆಯಲ್ಲಿ ಶೇವು, ಚಕ್ಕುಲಿ, ಪೂರಿ, ಶಿರಾ ಹೆಚ್ಚು, ನಾರು ಕಡಿಮೆ.

ನೆಹರು ನಗರದ ಆಸ್ಪತ್ರೆಗಳಿಗೆ ಖಾನಾಪುರ, ಬೈಲಹೊಂಗಲ, ಅಥಣಿ ಕಡೆಯಿಂದ ಬರುವ ನಮ್ಮ ಸಮಾಜದ ರೋಗಿಗಳಿಗೆ ಊಟದ ಡಬ್ಬಿ ಮುಟ್ಟಿಸುವ ಸೇವೆಯಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಹೊಟ್ಟೆಯ ತಕರಾರಿಗೆ ಬಂದವರನ್ನು ಡಾಕ್ಟರು ಮೊದಲು ಕೇಳುವ ಪ್ರಶ್ನೆ ಒಂದೇ: ದಿನಾ ಏನು ಉಣ್ಣುತ್ತೀರಿ, ಎಷ್ಟು ಹೊತ್ತಿಗೆ ಉಣ್ಣುತ್ತೀರಿ? ಅದಕ್ಕೆ ಸರಿಯಾಗಿ ಉತ್ತರ ಕೊಡುವವರು ಕಡಿಮೆ. "ನಾವು ಜೈನರು, ಶುದ್ಧ ಸಾತ್ವಿಕ ಊಟ" ಎಂದುಬಿಡುತ್ತಾರೆ. ಸಾತ್ವಿಕ ಎಂಬುದು ಸರಿ. ಆದರೆ ಮೈದಾದ ಖಾರಿ, ಕುಂದಾ, ಹುರಿದ ಫರಸಾಣ ಇವೂ ನಮ್ಮ ನಿಯಮಕ್ಕೆ ಅಡ್ಡ ಬರುವುದಿಲ್ಲವಲ್ಲ. ನಿಯಮವನ್ನೂ ಬಿಡದೆ ಕರುಳನ್ನೂ ಕಾಯುವ ಊಟ ಹೇಗೆ ಎಂಬ ಬಗ್ಗೆ ತಿಳಿದಷ್ಟನ್ನು ಇಲ್ಲಿ ಕೊಡುತ್ತಿದ್ದೇನೆ.

ಕರುಳಿನಲ್ಲಿ ಏನು ನಡೆಯುತ್ತದೆ

ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಅನ್ನದ ಪಿಷ್ಟ, ಸಕ್ಕರೆ, ಬೇಳೆಯ ಪ್ರೋಟೀನ್, ತುಪ್ಪದ ಕೊಬ್ಬು ಇವೆಲ್ಲ ಸಣ್ಣ ಕರುಳಿನಲ್ಲೇ ಕರಗಿ ರಕ್ತಕ್ಕೆ ಸೇರುತ್ತವೆ. ಕಾಳಿನ ಸಿಪ್ಪೆ, ಜೋಳದ ಹೊಟ್ಟು, ಕಾಯಿಪಲ್ಲೆಯ ನಾರು ಕರಗುವುದಿಲ್ಲ, ಹಾಗೇ ದೊಡ್ಡ ಕರುಳಿಗೆ ಬರುತ್ತವೆ. ಅಲ್ಲಿ ಲೆಕ್ಕಕ್ಕೆ ಸಿಗದಷ್ಟು ಬ್ಯಾಕ್ಟೀರಿಯಾಗಳಿವೆ. ಅವುಗಳ ಆಹಾರ ಈ ನಾರೇ. ಅವು ನಾರನ್ನು ಹುದುಗಿಸಿ ಬ್ಯುಟಿರೇಟ್, ಅಸಿಟೇಟ್, ಪ್ರೊಪಿಯೊನೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ನಾರು ಬರದಿದ್ದರೆ ಆ ಪದರ ಸೊರಗುತ್ತದೆ, ಮಲ ಗಟ್ಟಿಯಾಗುತ್ತದೆ, ತಿಣುಕುವುದು ಶುರುವಾಗುತ್ತದೆ, ಅಲ್ಲಿಂದ ಮೂಲವ್ಯಾಧಿಯ ದಾರಿ. ಬ್ರಿಟಿಷ್ ಸರ್ಜನ್ ಡೆನಿಸ್ ಬರ್ಕಿಟ್ ಉಗಾಂಡಾದಲ್ಲಿ ಕೆಲಸ ಮಾಡಿ, 1970ರ ದಶಕದಲ್ಲಿ ಇದನ್ನೇ ಜಗತ್ತಿಗೆ ಸಾರಿ ಹೇಳಿದರು. ನಾರು ಉಣ್ಣುವ ಆಫ್ರಿಕಾದ ಹಳ್ಳಿಗರಲ್ಲಿ ಕಾಣದ ಕರುಳಿನ ಕಾಯಿಲೆಗಳು ಬಿಳಿ ಬ್ರೆಡ್ ತಿನ್ನುವ ದೇಶಗಳಲ್ಲಿ ಏಕೆ ಇಷ್ಟು ಎಂಬುದು ಅವರ ಪ್ರಶ್ನೆಯಾಗಿತ್ತು.

ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಕರುಳಿನ ಸುತ್ತಲೇ ಇದೆ. ಸೆರೊಟೋನಿನ್ ಎಂಬ ರಾಸಾಯನಿಕದ ಸುಮಾರು ಶೇ. 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ. ಇದನ್ನು ಹಿಡಿದುಕೊಂಡು "ಮೊಸರು ತಿಂದರೆ ಮನಸ್ಸಿನ ದುಃಖ ಹೋಗುತ್ತದೆ" ಎಂಬ ಸಂದೇಶಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಕರುಳಿನ ಸೆರೊಟೋನಿನ್ ನೇರವಾಗಿ ಮೆದುಳಿಗೆ ಹೋಗುವುದಿಲ್ಲ, ಅದು ಕರುಳಿನ ಚಲನೆಗೆ ಬೇಕಾದದ್ದು. ಕರುಳು ಮತ್ತು ಮೆದುಳಿನ ನಡುವೆ ನರಗಳ ಸಂಪರ್ಕ ಇರುವುದಂತೂ ನಿಜ. ಮೂರು ದಿನ ಹೊಟ್ಟೆ ಸಾಫ್ ಆಗದವನ ಸಿಟ್ಟು ಮನೆಯವರಿಗೆಲ್ಲ ಗೊತ್ತಿರುತ್ತದೆ.

ಅಂಗಡಿ ಲೆಕ್ಕದಲ್ಲಿ ನಾರು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದ ಪ್ರಕಾರ 2000 ಕ್ಯಾಲೊರಿಯ ಊಟ ಮಾಡುವವರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯಲ್ಲಿ ಯಾವ ಪದಾರ್ಥದಲ್ಲಿ ಎಷ್ಟು ನಾರು ಎಂಬುದಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಗೋಧಿ ಹಿಟ್ಟಿನಲ್ಲಿ 11, ಸಜ್ಜೆ ಮತ್ತು ರಾಗಿಯಲ್ಲೂ 11ರ ಆಸುಪಾಸು. ಪಾಲಿಶ್ ಅಕ್ಕಿಯಲ್ಲಿ 3ಕ್ಕೂ ಕಡಿಮೆ, ಮೈದಾದಲ್ಲೂ ಅಷ್ಟೇ. ಇಡೀ ಹೆಸರುಕಾಳಿನಲ್ಲಿ 17, ಸಿಪ್ಪೆ ತೆಗೆದ ಹೆಸರುಬೇಳೆಯಲ್ಲಿ 9. ಇಡೀ ಕಡಲೆಯಲ್ಲಿ 25, ಕಡಲೆಬೇಳೆಯಲ್ಲಿ 15. ಅಗಸಿಯಲ್ಲಿ 26. ಸಿಪ್ಪೆ ಹೋದರೆ ಎಷ್ಟು ಹೋಗುತ್ತದೆ ಎಂಬುದಕ್ಕೆ ಹೆಸರಿನ ಎರಡು ಅಂಕಿ ಸಾಕು.

ಈಗ ಎರಡು ದಿನದ ಊಟದ ಕಿರ್ದಿ ಬರೆದು ನೋಡೋಣ. ಒಬ್ಬರು ಬೆಳಿಗ್ಗೆ 50 ಗ್ರಾಂ ಅವಲಕ್ಕಿ, ಚಹಾದ ಜೊತೆ ಎರಡು ಪಾವ್, ಎರಡು ಹೊತ್ತು ಸೇರಿ 150 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ತೊಗರಿಬೇಳೆಯ ಸಾರು ಉಂಡರು ಎನ್ನಿ. ನಾರು 11 ಗ್ರಾಂ ಆಸುಪಾಸು. ಇನ್ನೊಬ್ಬರು ದಿನಕ್ಕೆ ಮೂರು ಜೋಳದ ರೊಟ್ಟಿ, 40 ಗ್ರಾಂ ಹೆಸರುಕಾಳಿನ ಪಲ್ಯ, 150 ಗ್ರಾಂ ಬೆಂಡಿಕಾಯಿ, ಎರಡು ಚಮಚ ಅಗಸಿ ಚಟ್ನಿ ಉಂಡರು. ರೊಟ್ಟಿ ಒಂದಕ್ಕೆ 50 ಗ್ರಾಂ ಹಿಟ್ಟು ಹಿಡಿದರೆ 15, ಕಾಳಿಗೆ 7, ಬೆಂಡಿಗೆ 6, ಅಗಸಿಗೆ ಎರಡೂವರೆ. ಮೂವತ್ತು ತುಂಬಿತು. ಇದರಲ್ಲಿ ಸೊಪ್ಪಿಲ್ಲ, ಗಡ್ಡೆ ಇಲ್ಲ, ವಿದೇಶದ ಓಟ್ಸ್ ಇಲ್ಲ. ಚಾತುರ್ಮಾಸದಲ್ಲೂ ನಡೆಯುವ ಊಟ. ಹಸಿರು ಬಿಟ್ಟ ದಿನ ಬೆಂಡಿಕಾಯಿಯ ಬದಲು ಇನ್ನೊಂದು ಕಾಳು ಸೇರಿಸಿದರಾಯಿತು. ಕಡಲೆ, ಮಡಕಿ, ಅಲಸಂದಿ ಯಾವುದೂ ಆಗುತ್ತದೆ.

ಸೊಪ್ಪು ನಡೆಯುವ ಎಂಟು ತಿಂಗಳಲ್ಲಿ ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ ಧಾರಾಳವಾಗಿ ಉಣ್ಣಬೇಕು. ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ಎನ್ನುತ್ತದೆ. ನಮ್ಮಲ್ಲಿ ಮದುವೆ ಊಟದ ಎಲೆಯಲ್ಲೂ ಅಷ್ಟು ಬೀಳುವುದಿಲ್ಲ.

ಖಾನಾಪುರ ಕಡೆಯವರಿಗೆ ಒಂದು ಮಾತು. ಅದು ಮಳೆ ನಾಡು, ಭತ್ತದ ನಾಡು. ಅಲ್ಲಿಯ ಊಟದಲ್ಲಿ ಅನ್ನವೇ ಮುಖ್ಯ. ಎರಡು ಹೊತ್ತೂ ಜೋಳದ ರೊಟ್ಟಿ ಉಣ್ಣಿರಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕೆಂದೂ ಇಲ್ಲ. ಅಕ್ಕಿಯನ್ನು ಪೂರ್ತಿ ಪಾಲಿಶ್ ಮಾಡಿಸದೆ ಒಂದೇ ಕೈ ಹಾಕಿಸಿದರೆ ಹೊಟ್ಟು ಸ್ವಲ್ಪ ಉಳಿಯುತ್ತದೆ. ಅನ್ನದ ಜೊತೆಗೆ ತೆಳ್ಳನೆಯ ಸಾರಿನ ಬದಲು ಕಾಳಿನ ಉಸಳಿ ಇರಲಿ. ಬಾಳೆಕಾಯಿ, ಎಳೆ ಹಲಸಿನಕಾಯಿ ಪಲ್ಯ ಅಲ್ಲಿಗೆ ಹೊಸದಲ್ಲ. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಕರಗದೆ ನಾರಿನಂತೆಯೇ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ.

ನಾರನ್ನು ಒಮ್ಮೆಲೇ ಹೆಚ್ಚಿಸಬಾರದು. ಇಪ್ಪತ್ತು ವರ್ಷ ಅನ್ನ-ಸಾರು ಉಂಡ ಹೊಟ್ಟೆಗೆ ಒಂದೇ ದಿನ ಕಡಲೆ ಉಸಳಿ ಬಿದ್ದರೆ ಗ್ಯಾಸು ತುಂಬಿ, "ನನಗೆ ಕಾಳು ಆಗುವುದಿಲ್ಲ" ಎಂದು ಆತ ಆ ದಿನವೇ ಬಿಟ್ಟುಬಿಡುತ್ತಾನೆ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಕಾಳಿನಲ್ಲಿ ಗ್ಯಾಸಿಗೆ ಕಾರಣವಾಗುವ ಕೆಲವು ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಆದ್ದರಿಂದ ಆರೆಂಟು ತಾಸು ನೆನೆಹಾಕಿ ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿ, ಜೀರಿಗೆ, ಇಂಗು, ಒಣಶುಂಠಿ ಹಾಕಬೇಕು. ಮೊಳಕೆ ಕಟ್ಟಿಸುವುದು ನಮ್ಮಲ್ಲಿ ಬಹಳ ಮನೆಗಳಿಗೆ ಒಪ್ಪಿಗೆ ಇಲ್ಲ. ನೆನೆಸಿ ಮೊಳಕೆ ಬರುವ ಮೊದಲೇ ಬೇಯಿಸಿದರೂ ನಾರಿನ ವಿಷಯದಲ್ಲಿ ನಷ್ಟವಿಲ್ಲ.

ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದಿದ್ದರೆ ನಷ್ಟವೇ?

ಈ ಪ್ರಶ್ನೆಯನ್ನು ನಮ್ಮ ಹುಡುಗರು ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬಂದು ಕೇಳುತ್ತಾರೆ, ಸರಿಯಾದ ಉತ್ತರ ಕೊಡಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲಿ ಫ್ರಕ್ಟಾನ್ ಎಂಬ ನಾರಿದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಇಷ್ಟದ ಆಹಾರ ಎಂಬುದು ನಿಜ. ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಅದು ಅಲ್ಲಿ ಮಾತ್ರ ಸಿಗುವ ವಸ್ತುವಲ್ಲ. ಗೋಧಿಯಲ್ಲೂ ಫ್ರಕ್ಟಾನ್ ಇದೆ. ಕಾಳುಗಳಲ್ಲಿ ಅದೇ ಕೆಲಸ ಮಾಡುವ ಬೇರೆ ಜಾತಿಯ ನಾರಿದೆ. ಗಡ್ಡೆ ಬಿಟ್ಟ ಮನೆಯಲ್ಲಿ ಕಾಳು ದಿನಾ ಬೇಯುತ್ತಿದ್ದರೆ ಕೊರತೆ ಆಗುವುದಿಲ್ಲ. ಗಡ್ಡೆಯನ್ನೂ ಬಿಟ್ಟು ಕಾಳನ್ನೂ ಬಿಟ್ಟು ಮೈದಾ ಹಿಡಿದ ಮನೆಯಲ್ಲಿ ಮಾತ್ರ ಕೊರತೆ.

ಇದಕ್ಕೆ ಇನ್ನೊಂದು ಮಗ್ಗಲಿದೆ. ಪದೇ ಪದೇ ಹೊಟ್ಟೆ ಉಬ್ಬರ, ನುಲಿತ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಆಗುವ ಐ.ಬಿ.ಎಸ್. ತೊಂದರೆಯವರಿಗೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಜ್ಞರು ಒಂದು ಪಥ್ಯ ರೂಪಿಸಿದ್ದಾರೆ. ಅದರಲ್ಲಿ ಮೊದಲು ಬಿಡಿಸುವ ಪದಾರ್ಥಗಳಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಇವೆ. ಬೇರೆಯವರು ಕಷ್ಟಪಟ್ಟು ಬಿಡುವುದು ನಮ್ಮ ಅಡುಗೆ ಮನೆಯಲ್ಲಿ ಮೊದಲೇ ಇಲ್ಲ. ಆ ತೊಂದರೆಯವರು ಗೋಧಿ ಮತ್ತು ಕಾಳನ್ನೂ ಕೆಲವು ವಾರ ಕಡಿಮೆ ಮಾಡಬೇಕಾಗುತ್ತದೆ. ಅದನ್ನು ಆಹಾರ ತಜ್ಞರ ಸಲಹೆಯಿಂದಲೇ ಮಾಡಬೇಕು, ಸ್ವಂತ ಬುದ್ಧಿಯಿಂದ ಬೇಡ.

ಅಡುಗೆ ಮತ್ತು ವೈದ್ಯ ಎರಡರಲ್ಲೂ ನಮ್ಮ ಹಿರಿಯರ ಕೈ ಇತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ 9ನೆಯ ಶತಮಾನದ ವೈದ್ಯಗ್ರಂಥ, ಮಾಂಸ ಮದ್ಯ ಸೇರಿಸದ ಚಿಕಿತ್ಸೆ ಅದರ ವಿಶೇಷ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಸಸ್ಯಾಹಾರದ ಅಡುಗೆಯನ್ನೇ ವಿಷಯವಾಗಿಟ್ಟು ಕನ್ನಡದಲ್ಲಿ ಸೂಪಶಾಸ್ತ್ರ ಬರೆದ.

ಮೊಸರು, ಮಜ್ಜಿಗೆ

ಹುದುಗಿಸಿದ ಆಹಾರದ ಗುಣವನ್ನು ಮೊದಲು ದೊಡ್ಡದಾಗಿ ಪ್ರಚಾರ ಮಾಡಿದವರು ರಷ್ಯಾದ ವಿಜ್ಞಾನಿ ಮೆಚ್ನಿಕಾಫ್, 1908ರ ನೊಬೆಲ್ ಪಡೆದವರು. ಬಲ್ಗೇರಿಯಾದ ರೈತರ ದೀರ್ಘಾಯುಷ್ಯಕ್ಕೆ ಹುಳಿ ಹಾಲೇ ಕಾರಣ ಎಂದು ಅವರು ನಂಬಿದ್ದರು. ಅವರು ಹೇಳಿದ್ದೆಲ್ಲ ನಿಲ್ಲಲಿಲ್ಲ. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಕಾಯಂ ಆಗಿ ನೆಲೆಸುವುದಿಲ್ಲ, ದಿನಾ ಉಂಡರೆ ದಿನಾ ಉಪಯೋಗ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಿಗೆ ಮೊಸರು ಸುಲಭ, ಏಕೆಂದರೆ ಹಾಲಿನ ಸಕ್ಕರೆಯ ಒಂದು ಭಾಗವನ್ನು ಆ ಬ್ಯಾಕ್ಟೀರಿಯಾಗಳೇ ತಿಂದಿರುತ್ತವೆ.

ಎರಡು ದಿನ ಹುಳಿ ಬರಿಸಿದ ಹಿಟ್ಟು, ವರ್ಷದ ಉಪ್ಪಿನಕಾಯಿ ಇವನ್ನು ಬಿಟ್ಟಿರುವ ಮನೆಗಳಲ್ಲಿ ಹುದುಗಿದ ಆಹಾರ ಎಂದರೆ ಮೊಸರು ಮಜ್ಜಿಗೆಯೇ. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿ ಮರ್ಯಾದೆಯೊಳಗೆ, ಅಂದರೆ 24 ತಾಸಿನೊಳಗೆ, ಮುಗಿಸುವ ಪದ್ಧತಿಯಿಂದ ದಿನಾ ಹೊಸ ಮೊಸರು ಆಗುತ್ತದೆ. ದ್ವಿದಳದ ನಿಯಮ ಪಾಲಿಸುವವರು ಬೇಳೆ-ಕಾಳಿನ ಜೊತೆ ಹಸಿ ಮೊಸರು ಮಜ್ಜಿಗೆ ಸೇರಿಸುವುದಿಲ್ಲ. ಹೀಗಾಗಿ ಮಧ್ಯಾಹ್ನ ಸಾರು-ಪಲ್ಯ ಉಂಡವರ ತಟ್ಟೆಯಿಂದ ಮಜ್ಜಿಗೆ ಪೂರ್ತಿ ಹೊರಗುಳಿಯುವುದುಂಟು. ಅವರು ಅದನ್ನು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ, ಅಂಗಡಿಯಲ್ಲಿ ಎರಡನೇ ಚಹಾದ ಹೊತ್ತಿನಲ್ಲಿ ಕುಡಿಯಬಹುದು. ಜೀರಿಗೆ ಪುಡಿ, ಚಿಟಿಕೆ ಇಂಗು ಸಾಕು, ಉಪ್ಪು ಕಡಿಮೆ ಇರಲಿ. ಚಹಾ ಒಂದು ಕಪ್ಪು ಕಡಿಮೆಯಾಗುವುದು ಇನ್ನೊಂದು ಲಾಭ.

ಖಾನಾಪುರದ ಮಣ್ಣಿನ ಗಡಿಗೆಗೆ ಹೆಸರಿದೆ. ಖಾದಿ ಗ್ರಾಮೋದ್ಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಗಡಿಗೆಯಲ್ಲಿ ಹೆಪ್ಪು ಹಾಕಿದರೆ ಮಣ್ಣು ನೀರು ಹೀರಿ ಮೊಸರು ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ಬೇಗ ಹುಳಿಯಾಗುವುದಿಲ್ಲ. ಗಡಿಗೆಯನ್ನು ದಿನಾ ಬಿಸಿನೀರಿನಿಂದ ತೊಳೆದು ಬಿಸಿಲಿಗೆ ಇಡಬೇಕು.

ಅಂಗಡಿಯಲ್ಲಿ ಸಿಗುವ ಪ್ರೋಬಯೋಟಿಕ್ ಕ್ಯಾಪ್ಸೂಲು ಕೊಳ್ಳುವವರು ಹೊರಕವಚ ಯಾವುದರದು ಎಂದು ಕೇಳಿ ತೆಗೆದುಕೊಳ್ಳಬೇಕು. ಜೆಲಟಿನ್ ಎಂದಿದ್ದರೆ ಅದು ಪ್ರಾಣಿಜನ್ಯ.

ಗಾಳಿಸಿದ ನೀರು, ಮಳೆಗಾಲದ ಹಿಟ್ಟು

ನೀರು ಗಾಳಿಸುವುದನ್ನು ಹೊಸ ತಲೆಮಾರು ಹಳೆಯ ಶಾಸ್ತ್ರ ಎಂದು ಬದಿಗಿಡುತ್ತಿದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹಳೆಯ ಹತ್ತಿ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ಕೊಳದ ನೀರು ಸೋಸಲು ಹೇಳಿಕೊಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲರಾ ಸುಮಾರು ಶೇ. 48ರಷ್ಟು ಕಡಿಮೆಯಾಗಿತ್ತು. ಕಾಲರಾ ಬ್ಯಾಕ್ಟೀರಿಯಾಗಳು ನೀರಿನಲ್ಲಿಯ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತವೆ, ಬಟ್ಟೆಯ ಮಡಿಕೆ ಆ ಜೀವಿಗಳನ್ನು ತಡೆಯುತ್ತದೆ. ಅಂಟಿಕೊಳ್ಳದ ಬ್ಯಾಕ್ಟೀರಿಯಾ, ವೈರಸ್ ಬಟ್ಟೆಯಿಂದ ಪಾರಾಗುತ್ತವೆ. ಅದಕ್ಕೇ ಮಳೆಗಾಲದಲ್ಲಿ ಗಾಳಿಸಿದ ಮೇಲೆ ಕುದಿಸಲೂ ಬೇಕು. ಗುಳ್ಳೆ ಬಂದು ಒಂದು ನಿಮಿಷ ಮರಳಿದರೆ ಸಾಕು. ಬರೀ ಬೆಚ್ಚಗೆ ಮಾಡಿ ಇಳಿಸಿದ ನೀರು ಕುದಿಸಿದ ನೀರಲ್ಲ.

ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನದ ಮರ್ಯಾದೆ ಇದೆಯಲ್ಲ, ವ್ಯಾಪಾರಿಯ ದೃಷ್ಟಿಯಿಂದಲೂ ಅದು ಸರಿಯಾದ ಲೆಕ್ಕ. ಜೋಳದ ಹಿಟ್ಟು, ಸಜ್ಜೆ ಹಿಟ್ಟು ಇಟ್ಟಷ್ಟೂ ಕಹಿಯಾಗುತ್ತವೆ, ತೇವಕ್ಕೆ ನುಸಿ ಬೀಳುತ್ತದೆ. ಇಡೀ ಜೋಳ ತಂದಿಟ್ಟು ಗಿರಣಿಯಲ್ಲಿ ಆಗಾಗ ಸ್ವಲ್ಪ ಸ್ವಲ್ಪ ಬೀಸಿಕೊಂಡು ಬರುವುದು ಒಳ್ಳೆಯದು. ಗಿರಣಿಯವರಿಗೆ ಜರಡಿ ಹಿಡಿಯಬೇಡಿ ಎನ್ನಿರಿ. ಮನೆಯಲ್ಲೂ ಸಣ್ಣ ಜರಡಿಯಿಂದ ಸೋಸಿ ಹೊಟ್ಟು ದನಕ್ಕೆ ಹಾಕುವುದು ಬೇಡ. ಹಿಟ್ಟು ಶೋಧಿಸುವುದು ಹುಳ ನೋಡಲು ತಾನೆ? ಅದಕ್ಕೆ ದೊಡ್ಡ ಕಣ್ಣಿನ ಜರಡಿ ಸಾಕು.

ಶೇಂಗಾ ಬಗ್ಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ತೇವ ಕುಡಿದ ಶೇಂಗಾದಲ್ಲಿ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಆಗುತ್ತದೆ, ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಕಪ್ಪಾದ, ಸುಕ್ಕಿದ, ಕಹಿ ಕಾಳನ್ನು ಆರಿಸಿ ಎಸೆಯಬೇಕು. ಅಗ್ಗಕ್ಕೆ ಸಿಕ್ಕಿತೆಂದು ತಂದು ಹಿಂಡಿ ಕುಟ್ಟಬಾರದು.

ಸೂರ್ಯಾಸ್ತದೊಳಗಿನ ಊಟ

ಬೆಳಗಾವಿಯಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗುತ್ತಾನೆ, ಜೂನ್‌ನಲ್ಲಿ ಏಳು ದಾಟುತ್ತದೆ. ಅಷ್ಟರೊಳಗೆ ಉಂಡವರಿಗೆ ಮಲಗುವ ಮುಂಚೆ ಮೂರು ತಾಸಿಗಿಂತ ಹೆಚ್ಚು ಸಿಗುತ್ತದೆ. ಎದೆಯುರಿ, ಹುಳಿತೇಗಿನವರಿಗೆ ಡಾಕ್ಟರು ಹೇಳುವುದು ಇದನ್ನೇ, ಉಂಡು ಎರಡು ಮೂರು ತಾಸು ಮಲಗಬೇಡಿ ಎಂದು. ರಾತ್ರಿ ಹೊತ್ತು ಅದೇ ಊಟಕ್ಕೆ ರಕ್ತದ ಸಕ್ಕರೆ ಹಗಲಿಗಿಂತ ಹೆಚ್ಚು ಏರುತ್ತದೆ ಎಂಬುದೂ ಗೊತ್ತಾಗಿದೆ.

ಕಷ್ಟ ಇರುವುದು ಪೇಟೆಯವರಿಗೆ. ಅಂಗಡಿ ಮುಚ್ಚುವುದು ಒಂಬತ್ತಕ್ಕೆ. ನಿಯಮ ಇರುವವರು ಐದೂವರೆಗೆ ಗಿರಾಕಿ ಬಿಟ್ಟು ಏಳಲಾರದೆ ಎರಡು ಬಿಸ್ಕೀಟು, ಒಂದು ಮುಷ್ಟಿ ಚುರುಮುರಿ-ಶೇವು ತಿಂದು ಮುಗಿಸುತ್ತಾರೆ. ಮರುದಿನ ಮಧ್ಯಾಹ್ನ ಅದರ ಬಾಕಿ ತೀರಿಸಿಕೊಳ್ಳುತ್ತಾರೆ. ನಿಯಮ ಇಲ್ಲದವರು ಹತ್ತಕ್ಕೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಹತ್ತೂವರೆಗೆ ಮಲಗುತ್ತಾರೆ. ಎರಡೂ ಕರುಳಿಗೆ ಹಿಡಿಸುವುದಿಲ್ಲ. ಐದಕ್ಕೆ ಮನೆಯಿಂದ ರೊಟ್ಟಿ-ಕಾಳಿನ ಡಬ್ಬಿ ತರಿಸಿಕೊಂಡು ಅಂಗಡಿಯ ಒಳಗಡೆ ಕುಳಿತು ಹದಿನೈದು ನಿಮಿಷ ಉಣ್ಣುವ ಪದ್ಧತಿಯನ್ನು ಕೆಲವರು ಇಟ್ಟುಕೊಂಡಿದ್ದಾರೆ. ಅದರಿಂದ ಯಾರ ವ್ಯಾಪಾರವೂ ಕೆಟ್ಟದ್ದನ್ನು ನಾನು ನೋಡಿಲ್ಲ.

ಅವಮೌದರ್ಯ ಎಂಬ ಬಾಹ್ಯ ತಪ ನಮಗೆಲ್ಲ ಗೊತ್ತು. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣ ಆಹಾರ ಎಂದು ಹಿಡಿದು ಅದಕ್ಕಿಂತ ಕಡಿಮೆ ಉಣ್ಣುವುದು. ಉಪವಾಸ ಮಾಡಲಾಗದ ವಯಸ್ಸಿನವರಿಗೆ ಇದಕ್ಕಿಂತ ಸುಲಭವಾದದ್ದು ನನಗೆ ಕಾಣುವುದಿಲ್ಲ.

ಉಪವಾಸ ಮತ್ತು ಪಾರಣೆ

ಇದು ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ನಿಂತು ಓದಬೇಕು. ಉಪವಾಸಕ್ಕೆ ನೊಬೆಲ್ ಸಿಕ್ಕಿದೆ ಎಂಬ ಸಂದೇಶ ಪ್ರತಿ ದಶಲಕ್ಷಣ ಪರ್ವಕ್ಕೆ ಬರುತ್ತದೆ. ಜಪಾನಿನ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಜೀವಕೋಶಗಳು ತಮ್ಮೊಳಗಿನ ಹಳೆಯ ಭಾಗಗಳನ್ನು ತಾವೇ ಕರಗಿಸಿಕೊಳ್ಳುವ ವ್ಯವಸ್ಥೆಯ ಸಂಶೋಧನೆಗೆ. ಅವರ ಪ್ರಯೋಗ ನಡೆದದ್ದು ಯೀಸ್ಟ್ ಮೇಲೆ. ಮನುಷ್ಯ ಹತ್ತು ದಿನ ಉಪವಾಸ ಮಾಡಬೇಕೆಂದು ಅವರೇನೂ ಹೇಳಿಲ್ಲ. ನಮ್ಮ ಉಪವಾಸ ನಿರ್ಜರೆಗಾಗಿ, ಅದಕ್ಕೆ ನೊಬೆಲ್ಲಿನ ಸಾಕ್ಷಿ ಬೇಕಿಲ್ಲ. ಆದರೆ ಉಪವಾಸ ಮಾಡುವ ದೇಹದ ನಿಯಮಗಳನ್ನು ತಿಳಿದಿರಬೇಕು.

ಒಂದು ದಿನದ ಉಪವಾಸ, ಏಕಾಶನ ಆರೋಗ್ಯವಂತರಿಗೆ ತೊಂದರೆ ಕೊಡುವುದಿಲ್ಲ. ಮರುದಿನದ ಪಾರಣೆಯಲ್ಲಿ ನಾವು ಕೆಡಿಸುತ್ತೇವೆ. ಖಾಲಿ ಹೊಟ್ಟೆಗೆ ಮೊದಲು ಚಹಾ, ಆಮೇಲೆ ಶಿರಾ, ಕುಂದಾ, ಭಜಿ. ಬೆಳಗಾವಿಯವರಾಗಿ ಕುಂದಾವನ್ನು ಬಿಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ, ಅದನ್ನು ಮಧ್ಯಾಹ್ನದ ಊಟದ ಕೊನೆಗೆ ಇಡಿ. ಪಾರಣೆಗೆ ಬಿಸಿನೀರು, ಹೆಸರಿನ ಕಟ್ಟು, ತೆಳ್ಳನೆಯ ಗಂಜಿ, ಅರ್ಧ ತಾಸು ಬಿಟ್ಟು ಮೆತ್ತಗಿನ ಖಿಚಡಿ. ಹಿರಿಯರು ಮಾಡುತ್ತಿದ್ದುದೂ ಇದೇ.

ಐದು ದಿನ ಮೀರಿದ ಉಪವಾಸದಲ್ಲಿ ವಿಷಯ ಬೇರೆ. ಎರಡನೇ ಮಹಾಯುದ್ಧದಲ್ಲಿ ಹಸಿದು ಕಂಗಾಲಾದ ಸೆರೆಯಾಳುಗಳಿಗೆ ಬಿಡುಗಡೆಯಾದ ಮೇಲೆ ಹೊಟ್ಟೆತುಂಬ ಊಟ ಕೊಟ್ಟಾಗ ಕೆಲವರು ಊಟ ಸಿಕ್ಕ ಮೇಲೆಯೇ ಸತ್ತರು. ಬಹಳ ದಿನದ ಉಪವಾಸದ ನಂತರ ಒಮ್ಮೆಲೇ ಸಿಹಿ, ಅನ್ನ ಬಿದ್ದರೆ ಇನ್ಸುಲಿನ್ ಏರಿ ರಕ್ತದಲ್ಲಿಯ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಷಿಯಂ ಜೀವಕೋಶಗಳೊಳಗೆ ಸರಿದು, ರಕ್ತದಲ್ಲಿ ಅವು ಕುಸಿಯುತ್ತವೆ. ಹೃದಯದ ಬಡಿತ ತಪ್ಪಬಹುದು, ಉಸಿರಾಟಕ್ಕೆ ತೊಂದರೆ ಆಗಬಹುದು. ಎಂಟು, ಹತ್ತು, ಹದಿನಾರು ದಿನದ ವ್ರತ ಮಾಡಿದವರ ಪಾರಣೆಯನ್ನು ಮೆರವಣಿಗೆ ಮಾಡಿ, ನೆಂಟರೆಲ್ಲ ಒಂದೊಂದು ಚಮಚ ಸಿಹಿ ತಿನ್ನಿಸುವ ರೂಢಿ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ. ದಯವಿಟ್ಟು ಅದನ್ನು ನಿಲ್ಲಿಸಿರಿ. ಸನ್ಮಾನಕ್ಕೆ ಹಾರ, ಶಾಲು ಇವೆ. ಉಪವಾಸ ಶುರುವಾಗುವ ಮೊದಲೇ ಡಾಕ್ಟರಿಗೆ ತೋರಿಸಿ, ಪಾರಣೆಯ ದಿನ ರಕ್ತ ಪರೀಕ್ಷೆ ಬೇಕೇ ಎಂದು ಕೇಳಬೇಕು. ಮೊದಲ ಎರಡು ಮೂರು ದಿನ ಸ್ವಲ್ಪ ಸ್ವಲ್ಪವೇ ಆಹಾರ ಹೆಚ್ಚಿಸಬೇಕು. ಪಾರಣೆಯ ನಂತರ ಗೊಂದಲ, ಎದೆ ಬಡಿತ, ಕಾಲು ಊತ, ತೀವ್ರ ನಿಶ್ಶಕ್ತಿ ಕಂಡರೆ ಆಸ್ಪತ್ರೆಗೆ ಒಯ್ಯಬೇಕು, ಬೆಳಗಾಗಲಿ ಎಂದು ಕಾಯಬಾರದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆಯವರು, ಗರ್ಭಿಣಿಯರು ನೀರು ಬಿಟ್ಟ ಉಪವಾಸಕ್ಕೆ ಕೈ ಹಾಕಬಾರದು. ಗುಳಿಗೆ ನುಂಗಿ ಉಪವಾಸ ಮಾಡಿದರೆ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ. ಗುಳಿಗೆಯನ್ನು ತಾವೇ ನಿಲ್ಲಿಸಿದರೆ ಏರುತ್ತದೆ. ರಸತ್ಯಾಗ, ಅವಮೌದರ್ಯ, ಸ್ವಾಧ್ಯಾಯ ಅವರಿಗೂ ತೆರೆದಿವೆ.

ಇಸಬ್‌ಗೋಲ್, ಚೂರ್ಣ, ಬಿ12

ಇಸಬ್‌ಗೋಲ್ ಒಳ್ಳೆಯ ನಾರು, ಆದರೆ ಅದಕ್ಕೆ ನೀರು ಬೇಕು. ರಾತ್ರಿ ನೀರು ತ್ಯಾಗ ಇರುವವರು ಸೂರ್ಯಾಸ್ತದ ಗಡಿಬಿಡಿಯಲ್ಲಿ ಅರ್ಧ ಲೋಟ ನೀರಿನಲ್ಲಿ ನುಂಗಿ ಮುಗಿಸುತ್ತಾರೆ. ಅದು ಒಳಗೆ ಉಬ್ಬಿ ಅಂಟಿನಂತಾಗಿ ಮಲ ಇನ್ನಷ್ಟು ಕಟ್ಟುತ್ತದೆ, ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಅವರು ಬೆಳಿಗ್ಗೆ ಅಥವಾ ಮಧ್ಯಾಹ್ನ ಒಂದು ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಂಡು ಮೇಲೆ ಇನ್ನೊಂದು ಲೋಟ ಕುಡಿಯಬೇಕು. ಬೇರೆ ಗುಳಿಗೆಗಳಿಗೂ ಅದಕ್ಕೂ ಎರಡು ತಾಸಿನ ಅಂತರ ಇರಲಿ. ಸೋನಾಮುಖಿ ಬೆರೆತ ಚೂರ್ಣಗಳನ್ನು ವರ್ಷಗಟ್ಟಲೆ ದಿನಾ ತಿನ್ನುವುದು ಬೇಡ, ವೈದ್ಯರು ಹೇಳಿದಷ್ಟು ದಿನ ಮಾತ್ರ.

ಬಿ12 ಜೀವಸತ್ವದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ, ಆದರೆ ದೇಹ ಅದನ್ನು ಹೀರುವುದು ಅದಕ್ಕಿಂತ ಮುಂಚಿನ ಸಣ್ಣ ಕರುಳಿನ ತುದಿಯಲ್ಲಿ. ಹಾಗಾಗಿ ಅಲ್ಲಿ ಆದದ್ದು ನಮಗೆ ದಕ್ಕುವುದಿಲ್ಲ. ನಮಗೆ ಸಿಗುವುದು ಹಾಲು ಮೊಸರಿನಿಂದ. ಇದರ ಜೊತೆಗೆ ಮೆಟ್‌ಫಾರ್ಮಿನ್ ಮತ್ತು ಆಸಿಡಿಟಿ ಗುಳಿಗೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಹೀರುವಿಕೆ ಇನ್ನೂ ಕಡಿಮೆಯಾಗುತ್ತದೆ. ಪಾದ ಜೋಮು ಹಿಡಿಯುವುದು, ಆಯಾಸ, ನಾಲಿಗೆ ಉರಿ, ಮರೆವು ಇದ್ದರೆ "ವಯಸ್ಸಾಯಿತು" ಎಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸಬೇಕು. ಕ್ಯಾಪ್ಸೂಲು ಒಲ್ಲದವರಿಗೆ ಗುಳಿಗೆ, ಇಂಜೆಕ್ಷನ್ ಇವೆ.

ಊಟ ಬದಲಿಸಿ ನೋಡೋಣ ಎಂದು ಕಾಯಬಾರದ ಲಕ್ಷಣಗಳೂ ಇವೆ. ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಂದರೆ, ಐವತ್ತರ ನಂತರ ಮಲವಿಸರ್ಜನೆಯ ರೂಢಿ ಹಠಾತ್ತಾಗಿ ಬದಲಾಗಿ ವಾರಗಟ್ಟಲೆ ಹಾಗೇ ಇರುವುದು. ಮೂಲವ್ಯಾಧಿ ಇದ್ದೀತು ಎಂದು ನಾಚಿಕೆಯಿಂದ ಆರು ತಿಂಗಳು ಕಳೆದು ಬಂದವರಿಗೆ ಡಬ್ಬಿ ಕೊಟ್ಟಿದ್ದೇನೆ. ನೆಹರು ನಗರದಲ್ಲಿ ಕೆ.ಎಲ್.ಇ. ಆಸ್ಪತ್ರೆ, ಊರೊಳಗೆ ಬಿಮ್ಸ್ ಜಿಲ್ಲಾ ಆಸ್ಪತ್ರೆ ಎರಡೂ ಇವೆ. ಖಾನಾಪುರದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಬರೆಸಿಕೊಂಡು ಬರಬಹುದು. ಬರುವಾಗ ಹಿಂದಿನ ಒಂದು ವಾರ ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ, ಯಾವ ಗುಳಿಗೆ-ಚೂರ್ಣ ತೆಗೆದುಕೊಳ್ಳುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತರಬೇಕು. ರಾತ್ರಿ ನೀರು-ಔಷಧ ತ್ಯಾಗ ಇದ್ದರೆ ಅದನ್ನೂ ಮೊದಲೇ ಹೇಳಬೇಕು, ಗುಳಿಗೆಗಳ ಹೊತ್ತನ್ನು ಅವರು ಅದಕ್ಕೆ ಹೊಂದಿಸಿ ಬರೆದುಕೊಡುತ್ತಾರೆ.